ಅಪ್ಪನ ಡಬ್ಬಿಯಲ್ಲಿ ಟಿ ಆಕಾರದ ತುಂಡು ಸಿಕ್ಕಿತು, ಏನಿದು? (ಈಗ ಈಥರ್ನೆಟ್ ಹುಟ್ಟಿದ ಕಥೆಯಾಗಿದೆ)

ತುಂಗಾತೀರ · ಶನಿವಾರ ಬೆಳಿಗ್ಗೆ 10.40

ಮನೆಗೆ ಸುಣ್ಣಬಣ್ಣ ನಡೀತಾ ಇದೆ. ಅಟ್ಟ ಖಾಲಿ ಮಾಡುವಾಗ ಅಪ್ಪನ ಹಳೇ ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ಸ್ಕ್ರೂ, ಫ್ಯೂಸ್ ತಂತಿ, ಒಂದು ಟೆಸ್ಟರ್. ಜೊತೆಗೆ ಇಂಗ್ಲಿಷಿನ ಟಿ ಅಕ್ಷರದಂಥ ಒಂದು ಲೋಹದ ತುಂಡು. ಅದರ ಒಂದು ತುದಿಗೆ ಕಿರುಬೆರಳಿನ ತುದಿಯಷ್ಟು ಮುಚ್ಚಳ. ಒತ್ತಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ.

ಟಿವಿ ಕೇಬಲ್ಲಿನದು ಅಂದುಕೊಂಡೆ. ಸೆಟ್‌ಟಾಪ್ ಬಾಕ್ಸಿನ ವೈರ್ ಇದಕ್ಕೆ ಕೂರುತ್ತಿಲ್ಲ. ಅಪ್ಪ ಅಕ್ಕನ ಮನೆಗೆ ಹೋಗಿದ್ದಾರೆ. ಫೋನ್ ಮಾಡಿದರೆ "ಅದು ನೆಟ್‌ವರ್ಕಿಂದು, ಬಿಸಾಡಬೇಡ" ಅಂತ ಹೇಳಿ ಇಟ್ಟುಬಿಟ್ಟರು. ಅವರು ಇದ್ದದ್ದು ಒಂದು ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ. ನನಗೆ ಗೊತ್ತಿರೋ ನೆಟ್‌ವರ್ಕ್ ತೂತು ಚೌಕ, ಇದು ಗುಂಡಗಿದೆ. ಯಾರಿಗಾದರೂ ಗೊತ್ತಾ?

ಕ್ರಿಂಪಿಂಗ್_ಟೂಲ್ · ಶನಿವಾರ 11.05

ಅಯ್ಯೋ, ಇದನ್ನು ನೋಡಿ ಎಷ್ಟು ವರ್ಷ ಆಯ್ತು! ಟಿ ತುಂಡಿಗೆ ಬಿಎನ್‌ಸಿ ಟಿ ಅಂತಾರೆ. ಮುಚ್ಚಳ ಅಂದಿರಲ್ಲ, ಅದು ಟರ್ಮಿನೇಟರ್. ಒಳಗೆ 50 ಓಮ್‌ನ ಒಂದು ರೆಸಿಸ್ಟರ್ ಇದೆ, ಇನ್ನೇನೂ ಇಲ್ಲ. ಆದರೆ ಅದೊಂದು ಇಲ್ಲದಿದ್ದರೆ ಇಡೀ ನೆಟ್‌ವರ್ಕ್ ಮಲಗುತ್ತಿತ್ತು.

ಆಗ ನೆಟ್‌ವರ್ಕ್ ಸ್ವಿಚ್ಚು, ವೈಫೈ ಏನೂ ಇರಲಿಲ್ಲ. ಒಂದೇ ಕೋಆಕ್ಸ್ ಕೇಬಲ್ (ನಡುವೆ ತಂತಿ, ಸುತ್ತ ಲೋಹದ ಜಾಲರಿ). ಮೊದಲ ಕಂಪ್ಯೂಟರಿನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಹೂವಿನ ಮಾಲೆ ಕಟ್ಟಿದ ಹಾಗೆ. ಪ್ರತಿ ಕಂಪ್ಯೂಟರಿನ ಬೆನ್ನಿಗೆ ಒಂದು ಟಿ. ಮಾಲೆಯ ಎರಡು ತುದಿಗೂ ಒಂದೊಂದು ಟರ್ಮಿನೇಟರ್. ಅದಿಲ್ಲದಿದ್ದರೆ ಸಿಗ್ನಲ್ ಕೇಬಲ್ಲಿನ ಕೊನೆಗೆ ಹೋಗಿ, ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬರುತ್ತೆ. ಬಂದದ್ದು ಹೊಸ ಸಿಗ್ನಲ್ಲಿನ ಜೊತೆ ಸೇರಿ ಕಲಸುಮೇಲೋಗರ. ಒಂದು ಸಾಲಿಗೆ 185 ಮೀಟರ್ ಉದ್ದ, 30 ಮಷೀನು, ಅಷ್ಟೇ ಮಿತಿ. ಹೆಸರು 10ಬೇಸ್2. 10 ಅಂದರೆ ಸೆಕೆಂಡಿಗೆ 10 ಮೆಗಾಬಿಟ್. 2 ಅಂದರೆ 200 ಮೀಟರ್. 185ನ್ನು 200 ಅಂದ ಉದಾರಿ ಯಾರೋ!

ನಾನು ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಯಾವನೋ ಕುರ್ಚಿ ಎಳೆಯುವಾಗ ಕಾಲು ತಗಲಿಸುತ್ತಿದ್ದ, ಕೇಬಲ್ ಕಳಚಿಕೊಳ್ಳುತ್ತಿತ್ತು. ಒಬ್ಬನ ಕಾಲಿಗೆ ಇಪ್ಪತ್ತು ಮಷೀನು ಖತಂ. ಆಮೇಲೆ ನಾನು ಮಲ್ಟಿಮೀಟರ್ ಹಿಡಿದು ಮೇಜಿನ ಕೆಳಗೆ ತೂರಬೇಕು. ಯಾವುದಾದರೂ ಒಂದು ಟಿಯನ್ನು ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನಿಂದ ಕೀಳೋದು. ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಮೀಟರ್ ಹಿಡಿಯೋದು. 25 ಓಮ್ ತೋರಿಸಿದರೆ ಎರಡೂ ತುದಿಯ ಟರ್ಮಿನೇಟರ್ ಸರಿ ಇವೆ ಅಂತ. 50 ತೋರಿಸಿದರೆ ಒಂದು ಕಡೆ ಎಲ್ಲೋ ತುಂಡಾಗಿದೆ ಅಂತ. ಆಮೇಲೆ ಸಾಲನ್ನು ಅರ್ಧ ಅರ್ಧ ಮಾಡ್ತಾ ಹುಡುಕೋದು.

ಒಂದು ದಿನ ಮಧ್ಯಾಹ್ನದವರೆಗೂ ಹುಡುಕಿದೆ. ಕೊನೆಗೆ ನೋಡಿದರೆ ಕಸ ಗುಡಿಸುವ ಅಜ್ಜಿ, ಕೆಳಗೆ ಬಿದ್ದಿದ್ದ ಟರ್ಮಿನೇಟರನ್ನು ಏನೋ ಬೆಲೆಬಾಳುವ ವಸ್ತು ಅಂತ ಸರಸ್ವತಿ ಫೋಟೊ ಮುಂದೆ ಜೋಪಾನವಾಗಿ ಇಟ್ಟಿದ್ದರು.

ದಾವಣಗೆರೆ_ಬೆಣ್ಣೆ · ಶನಿವಾರ 11.30

ಒಂದು ಕೇಬಲ್ ಕಳಚಿದರೆ ಎಲ್ಲ ನಿಲ್ಲುವ ಈ ಐಡಿಯಾ ಯಾರಿಗೆ ಹೊಳೆಯಿತು ಗುರು? ಈಥರ್ನೆಟ್ ಅಂದರೆ ಇದೇನಾ? ಆ ಹೆಸರಾದರೂ ಎಲ್ಲಿಂದ ಬಂತು?

ಎಂಟು_ಬಿಟ್ · ಶನಿವಾರ 12.20

ಹೌದು, ಇದೂ ಈಥರ್ನೆಟ್ಟೇ. ಅಂದರೆ ಒಂದು ಕಡೆ ಇರೋ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸೋ ಪದ್ಧತಿ. ಆದರೆ ಡಬ್ಬಿಯಲ್ಲಿರೋದು ಎರಡನೇ ತಲೆಮಾರು. ಮೊದಲನೆಯದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಜೆರಾಕ್ಸ್ ಕಂಪನಿಯ ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ. ಹೌದು, ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಜೆರಾಕ್ಸೇ. ಇಡೀ ಕಥೆಗೆ ಕಾರಣವೂ ಒಂದು ನಕಲು ಯಂತ್ರವೇ.

1972–73ರಲ್ಲಿ ಅಲ್ಲಿ ಎರಡು ಕೆಲಸ ಒಟ್ಟಿಗೆ ನಡೀತಾ ಇದ್ದವು. ಒಂದು ಕಡೆ ಆಲ್ಟೊ ಅನ್ನೋ ಕಂಪ್ಯೂಟರ್. ಒಬ್ಬರಿಗೆ ಒಂದು ಅನ್ನೋ ಲೆಕ್ಕ. ಕಂಪ್ಯೂಟರ್ ಅಂದರೆ ಇಡೀ ಕಟ್ಟಡಕ್ಕೆ ಒಂದು ಅಂತಿದ್ದ ಕಾಲದಲ್ಲಿ ಇದು ಹುಚ್ಚೇ ಸರಿ. ಇನ್ನೊಂದು ಕಡೆ ಗ್ಯಾರಿ ಸ್ಟಾರ್ಕ್‌ವೆದರ್ ನಕಲು ಯಂತ್ರಕ್ಕೆ ಲೇಸರ್ ಜೋಡಿಸಿ ಪ್ರಿಂಟರ್ ಮಾಡುತ್ತಿದ್ದರು. ಇಂಚಿಗೆ 500 ಚುಕ್ಕಿ, ಸೆಕೆಂಡಿಗೆ ಒಂದು ಹಾಳೆ.

ಈಗ ಲೆಕ್ಕ ಹಾಕಿ. ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದದ ಹಾಳೆ. ಚುಕ್ಕಿಗೊಂದು ಬಿಟ್ ಅಂದರೆ 2 ಕೋಟಿ 34 ಲಕ್ಷ ಬಿಟ್. ಆಗ ಕಂಪ್ಯೂಟರಿಗೂ ಪ್ರಿಂಟರಿಗೂ ಹಾಕುತ್ತಿದ್ದ ಸೀರಿಯಲ್ ತಂತಿಯಲ್ಲಿ ಸೆಕೆಂಡಿಗೆ 9,600 ಬಿಟ್ ಹೋದರೂ ಒಂದು ಹಾಳೆಗೆ 40 ನಿಮಿಷ! ಪ್ರಿಂಟರ್ ಸೆಕೆಂಡಿಗೊಂದು ಹಾಳೆ ಕೊಡ್ತೀನಿ ಅಂತ ಬಾಯಿ ತೆರೆದು ಕೂತಿದೆ, ಉಣಿಸೋ ದಾರಿ ಇಲ್ಲ. ಪ್ರಿಂಟರೋ ಒಂದೇ, ಕಂಪ್ಯೂಟರ್ ಹತ್ತಾರು. ಎಲ್ಲವೂ ಅದೊಂದನ್ನೇ ಹಂಚಿಕೊಳ್ಳಬೇಕು.

ಈ ಕೆಲಸ ಬಿದ್ದದ್ದು ಬಾಬ್ ಮೆಟ್‌ಕಾಫ್ ಅನ್ನೋ 27ರ ಹುಡುಗನ ಮೇಲೆ. 1973ರ ಮೇ 22ರಂದು ಅವರು ಒಂದು ಟಿಪ್ಪಣಿ ಟೈಪ್ ಮಾಡಿ ಸಹೋದ್ಯೋಗಿಗಳಿಗೆ ಹಂಚಿದರು. ಅಲ್ಲಿಯವರೆಗೆ ಇದಕ್ಕೆ ಆಲ್ಟೊ ಅಲೋಹಾ ನೆಟ್‌ವರ್ಕ್ ಅಂತಿದ್ದರು. ಟಿಪ್ಪಣಿಯಲ್ಲಿ ಹೆಸರು ಈಥರ್ ಅಂತ ಬದಲಾಯಿತು.

ಈಥರ್ ಅಂದರೆ ಹಳೇ ಭೌತಶಾಸ್ತ್ರದ ಒಂದು ಕಲ್ಪನೆ. ನೀರಿಲ್ಲದೆ ಅಲೆ ಇಲ್ಲ ಅಂದಮೇಲೆ ಬೆಳಕಿನ ಅಲೆಗೂ ಏನಾದರೂ ಬೇಕಲ್ಲ, ಎಲ್ಲೆಡೆ ತುಂಬಿರೋ ಕಾಣದ ಒಂದು ವಸ್ತು ಇರಬೇಕು ಅಂತ ನಂಬಿದ್ದರು. 1887ರಲ್ಲಿ ಮೈಕಲ್ಸನ್ ಮತ್ತು ಮಾರ್ಲಿ ಹುಡುಕಿದರು, ಸಿಗಲಿಲ್ಲ. ಹೀಗೆ ಬಿದ್ದುಹೋಗಿದ್ದ ಪದವನ್ನು ಮೆಟ್‌ಕಾಫ್ ಎತ್ತಿಕೊಂಡು ಕೇಬಲ್ಲಿಗೆ ಇಟ್ಟರು. ಎಲ್ಲರನ್ನೂ ಮುಟ್ಟುವ, ತಾನು ಏನೂ ಮಾಡದ ಮಾಧ್ಯಮ. ಕೇಬಲ್ ಆಗಲಿ, ರೇಡಿಯೊ ಆಗಲಿ, ಹೆಸರು ನಡೆಯುತ್ತೆ. ಜಾಣತನ ಅಲ್ವಾ?

ತುಂಗಾತೀರ · ಶನಿವಾರ 12.45

ಅಬ್ಬಾ. ಒಂದು ಡೌಟು ಮೇಡಂ. ಎಲ್ಲರಿಗೂ ಒಂದೇ ಕೇಬಲ್ ಅಂದರೆ ಯಾರು ಯಾವಾಗ ಮಾತಾಡಬೇಕು ಅಂತ ಹೇಳೋರು ಯಾರು?

ಎಂಟು_ಬಿಟ್ · ಶನಿವಾರ 1.15

ಯಾರೂ ಇಲ್ಲ! ಅದೇ ಇದರ ಸ್ವಾರಸ್ಯ.

ಇದರ ಬೇರು ಹವಾಯಿಯಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಾಮ್‌ಸನ್ ಅನ್ನೋರು ದ್ವೀಪಗಳ ನಡುವೆ ಕಂಪ್ಯೂಟರ್ ಸಂಪರ್ಕಕ್ಕೆ ರೇಡಿಯೊ ಬಳಸಿದರು. ಹೆಸರು ಅಲೋಹಾನೆಟ್, ಶುರುವಾಗಿದ್ದು 1971ರಲ್ಲಿ. ನಿಯಮ ತೀರಾ ಸರಳ. ಹೇಳೋದಿದ್ದರೆ ಹೇಳಿಬಿಡು. ಮುಟ್ಟಿತು ಅಂತ ಉತ್ತರ ಬರದಿದ್ದರೆ, ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದಿರಬೇಕು ಅಂತ ತಿಳಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳು. ತೊಂದರೆ ಏನಂದರೆ, ಎಲ್ಲರೂ ಹೀಗೆ ಬಾಯಿಗೆ ಬಂದಾಗ ಮಾತಾಡಿದರೆ ಚಾನೆಲ್ಲಿನ 18 ಪರ್ಸೆಂಟ್ ಮಾತ್ರ ಉಪಯೋಗಕ್ಕೆ ಬರುತ್ತೆ. ಇದು ಗಣಿತ ಹೇಳೋ ಮಿತಿ.

ಮೆಟ್‌ಕಾಫ್ ಹಾರ್ವರ್ಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಗಣಿತ ಸಾಲದು ಅಂತ ಅವರ ಪ್ರಬಂಧವನ್ನು ಪರೀಕ್ಷಕರು ತಿರಸ್ಕರಿಸಿದ್ದರು. ಅದೇ ಹೊತ್ತಿಗೆ ಏಬ್ರಾಮ್‌ಸನ್ ಬರೆದ ಲೇಖನ ಕಣ್ಣಿಗೆ ಬಿತ್ತು. ಅಲೋಹಾದ ಗಣಿತವನ್ನು ತಿದ್ದಿ ಬೆಳೆಸಿ ಪ್ರಬಂಧಕ್ಕೆ ಸೇರಿಸಿದರು, 1973ರಲ್ಲಿ ಪಾಸಾದರು. ಅದೇ ಗಣಿತ ಪಾರ್ಕಿನ ಕೇಬಲ್ಲಿಗೂ ಬಂತು.

ಕೇಬಲ್ಲಿನಲ್ಲಿ ಎರಡು ಅನುಕೂಲ. ಮಾತಾಡೋ ಮುಂಚೆ ಕಿವಿಗೊಡಬಹುದು, ಬೇರೆಯವರು ಮಾತಾಡ್ತಿದ್ದರೆ ಕಾಯಬಹುದು. ತಾನು ಮಾತಾಡುವಾಗಲೂ ಕಿವಿ ತೆರೆದಿಟ್ಟುಕೊಂಡು, ಡಿಕ್ಕಿಯಾದರೆ ತಕ್ಷಣ ಬಾಯಿ ಮುಚ್ಚಬಹುದು. ಅರಳಿಕಟ್ಟೆ ಹರಟೆ ಥರ ಅಂದುಕೊಳ್ಳಿ. ಅಧ್ಯಕ್ಷರಿಲ್ಲ, ಪಾಳಿ ಇಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಇಬ್ಬರೂ ನಿಲ್ಲಿಸ್ತಾರೆ. ಆಮೇಲೆ ಯಾರೋ ಒಬ್ಬರು ಶುರು ಮಾಡ್ತಾರೆ.

ಇಬ್ಬರೂ ಅಷ್ಟೇ ಹೊತ್ತು ಕಾದರೆ ಮತ್ತೆ ಡಿಕ್ಕಿ, ಅದಕ್ಕೆ ಮನಸ್ಸಿಗೆ ಬಂದಷ್ಟು ಹೊತ್ತು ಕಾಯಬೇಕು. ಆಮೇಲೆ ಬಂದ 10 ಮೆಗಾಬಿಟ್ ನಿಯಮದಲ್ಲಿ ಇದು ಚೆನ್ನಾಗಿದೆ. ಮೊದಲ ಡಿಕ್ಕಿಯಾದರೆ 0 ಅಥವಾ 1 ಗಳಿಗೆ, ಚೀಟಿ ಎತ್ತಿದ ಹಾಗೆ. ಎರಡನೆಯದಾದರೆ 0ಯಿಂದ 3, ಮೂರನೆಯದಾದರೆ 0ಯಿಂದ 7. ಜನ ಜಾಸ್ತಿ ಆದಷ್ಟೂ ತಾಳ್ಮೆ ತಾನಾಗಿ ಜಾಸ್ತಿ. 16 ಸಲವೂ ಆಗದಿದ್ದರೆ ಕೈಚೆಲ್ಲೋದು. ಒಂದು ಗಳಿಗೆ ಅಂದರೆ 51.2 ಮೈಕ್ರೊಸೆಕೆಂಡ್, 512 ಬಿಟ್ ಕಳಿಸುವಷ್ಟು ಹೊತ್ತು. ಅತಿ ದೂರದ ಮಷೀನಿಗೆ ಸಿಗ್ನಲ್ ಹೋಗಿ, ಅಲ್ಲಿ ಡಿಕ್ಕಿಯಾಗಿ, ಆ ಸುದ್ದಿ ವಾಪಸ್ ಬರೋವರೆಗೂ ಕಳಿಸೋನು ಇನ್ನೂ ಕಳಿಸ್ತಾನೇ ಇರಬೇಕು. ಇಲ್ಲದಿದ್ದರೆ ಅವನಿಗೆ ಡಿಕ್ಕಿಯ ವಿಷಯವೇ ಗೊತ್ತಾಗಲ್ಲ. ಅದಕ್ಕೇ ಈಥರ್ನೆಟ್ ಕಂತೆ (ಒಂದು ಸಲಕ್ಕೆ ಕಳಿಸೋ ಡೇಟಾದ ಕಟ್ಟು, ಫ್ರೇಮ್) 64 ಬೈಟಿಗಿಂತ ಚಿಕ್ಕದಿರೋ ಹಾಗಿಲ್ಲ. ಒಂದೇ ಅಕ್ಷರ ಕಳಿಸಿದರೂ ಹೊಟ್ಟೆ ತುಂಬಿಸಿ 64 ಮಾಡ್ತಾರೆ. ಇವತ್ತಿಗೂ!

ಉಂಗುರ_ಪ್ರಿಯ · ಶನಿವಾರ ಸಂಜೆ 5.10

ಎಲ್ಲರೂ ಈಥರ್ನೆಟ್ಟಿನ ಭಜನೆ ಮಾಡ್ತಿದ್ದೀರಿ. ನಾನು ವಿರೋಧ ಪಕ್ಷ.

ಈಥರ್ನೆಟ್ಟಿಗೆ ಎದುರಾಳಿಯಾಗಿದ್ದ ಐಬಿಎಂ ಟೋಕನ್ ರಿಂಗ್ ನೆಟ್‌ವರ್ಕ್ ಬಂದದ್ದು 1985ರಲ್ಲಿ. ಅಲ್ಲಿ ಹರಟೆ ಇಲ್ಲ, ಶಿಸ್ತು. ಪಂಕ್ತಿ ಊಟದಲ್ಲಿ ಹುಳಿಯ ಬಕೆಟ್ ನಿಮ್ಮ ಎಲೆ ಮುಂದೆ ಬಂದಾಗ ಬಡಿಸಿಕೊಳ್ಳಬೇಕು, ಆಮೇಲೆ ಬಕೆಟ್ ಮುಂದಕ್ಕೆ. ಹಾಗೆ ಟೋಕನ್ ಸುತ್ತುತ್ತಾ ಇರುತ್ತೆ. ಡಿಕ್ಕಿಯೇ ಇಲ್ಲ. ನಿಮ್ಮ ಪಾಳಿ ಹೆಚ್ಚೆಂದರೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಮೊದಲೇ ಹೇಳಬಹುದು. ಈಥರ್ನೆಟ್ಟಿನಲ್ಲಿ ಹಾಗೆ ಹೇಳೋಕಾಗುತ್ತಾ? ಅದೃಷ್ಟ ನಂಬಿಕೊಂಡು ಕಾರ್ಖಾನೆ ಓಡಿಸೋಕಾಗುತ್ತಾ? ನಮ್ಮ ಆಫೀಸಿನಲ್ಲಿ 16 ಮೆಗಾಬಿಟ್ ರಿಂಗ್ ಇತ್ತು. ಪಕ್ಕದ ವಿಭಾಗದ ಈಥರ್ನೆಟ್ ವಾರಕ್ಕೊಮ್ಮೆ ಮಲಗುತ್ತಿತ್ತು, ನಮ್ಮದು ಅಲುಗಾಡಲಿಲ್ಲ. ಒಳ್ಳೇದೇ ಗೆಲ್ಲುತ್ತೆ ಅನ್ನೋದು ಸುಳ್ಳು.

ಎಂಟು_ಬಿಟ್ · ಶನಿವಾರ 5.40

ಹುಳಿ ಬಕೆಟ್ ಉದಾಹರಣೆ ಭರ್ಜರಿ ಸಾರ್. ಒಪ್ಪುತ್ತೇನೆ, ರಿಂಗ್ ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಬಕೆಟ್ ಹಿಡಿದವನು ತಲೆಸುತ್ತಿ ಬಿದ್ದರೆ? ಟೋಕನ್ ಕಳೆದುಹೋದರೆ ಹೊಸದು ಹುಟ್ಟಿಸೋಕೆ ಒಬ್ಬ ಮೇಲ್ವಿಚಾರಕ ಮಷೀನ್ ಬೇಕು. ಅದೂ ಕೆಟ್ಟರೆ ಇನ್ನೊಂದನ್ನು ಆರಿಸಬೇಕು. ಇಷ್ಟೆಲ್ಲ ಬುದ್ಧಿಯನ್ನು ಪ್ರತಿ ಕಾರ್ಡಿನಲ್ಲೂ ತುಂಬಬೇಕು. ಕಾರ್ಡ್ ದುಬಾರಿ ಆಗದೆ ಇನ್ನೇನು?

ಇನ್ನೊಂದು ಮಾತು. ಈಥರ್ನೆಟ್ 37 ಪರ್ಸೆಂಟ್ ದಾಟಿದರೆ ಕುಸಿಯುತ್ತೆ ಅಂತ ಆಗ ಎಲ್ಲರೂ ಹೇಳುತ್ತಿದ್ದರು. 1988ರಲ್ಲಿ, ಪಾರ್ಕಿನಲ್ಲಿ ಮೆಟ್‌ಕಾಫ್ ಜೊತೆ ಕೆಲಸ ಮಾಡಿದ್ದ ಡೇವಿಡ್ ಬಾಗ್ಸ್, ಜೆಫ್ ಮೊಗಲ್, ಕ್ರಿಸ್ಟೊಫರ್ ಕೆಂಟ್ ಮೂವರೂ ನಿಜವಾದ ಕೇಬಲ್ಲಿನ ಮೇಲೆ ಅಳೆದು ತೋರಿಸಿದರು, ಅದು ಕಟ್ಟುಕಥೆ ಅಂತ. ತುಂಬಾ ಮಷೀನು ಒಟ್ಟಿಗೆ ನುಗ್ಗಿದರೂ ಅದಕ್ಕಿಂತ ಎಷ್ಟೋ ಜಾಸ್ತಿ ಸಾಗುತ್ತಿತ್ತು.

ಕ್ರಿಂಪಿಂಗ್_ಟೂಲ್ · ಶನಿವಾರ 6.15

ಉಂಗುರದ ಸಾರ್, ರಿಂಗಿನ ಆ ದೊಡ್ಡ ಕನೆಕ್ಟರ್ ನೆನಪಿದೆಯಾ? ಮುಷ್ಟಿಯಷ್ಟಿತ್ತು!

ಹಾಗಂತ ಶುರುವಿನ ಈಥರ್ನೆಟ್ಟೂ ಸುಲಭದ್ದಲ್ಲ. 10ಬೇಸ್5 ಅಂತ ಒಂದಿತ್ತು. ಹೆಬ್ಬೆರಳು ದಪ್ಪದ ಹಳದಿ ಕೇಬಲ್, ಬಗ್ಗಿಸಿದರೆ ಬಗ್ಗದು. ಒಂದು ತುಂಡು 500 ಮೀಟರ್. ಕೇಬಲ್ ಕತ್ತರಿಸೋ ಹಾಗಿಲ್ಲ. ವ್ಯಾಂಪೈರ್ ಟ್ಯಾಪ್ ಅಂತ ಒಂದು ಇಕ್ಕಳದಂಥದ್ದು ಇತ್ತು. ಮೊದಲು ಹೊರಗಿನ ಸಿಪ್ಪೆಗೆ ತೂತು ಕೊರೆಯೋದು. ಆಮೇಲೆ ಸ್ಕ್ರೂ ಬಿಗಿದರೆ ಅದರ ಮುಳ್ಳು ಒಳಗಿನ ತಾಮ್ರದ ತಂತಿಗೆ ಹೋಗಿ ಕಚ್ಚುತ್ತೆ. ಪಕ್ಕದ ಹಲ್ಲುಗಳು ಹೊರಗಿನ ಜಾಲರಿಗೆ ಕಚ್ಚುತ್ತವೆ. ಜಾಲರಿಯ ಒಂದು ಎಳೆ ಒಳಗಿನ ತಂತಿಗೆ ತಗಲಿದರೆ ಮುಗೀತು, ಶಾರ್ಟ್. ಎಲ್ಲಿ ಬೇಕಾದರೆ ಅಲ್ಲಿ ಕೊರೆಯೋ ಹಾಗೂ ಇಲ್ಲ. ಎರಡೂವರೆ ಮೀಟರಿಗೊಂದು ಕಪ್ಪು ಪಟ್ಟಿ ಇರುತ್ತಿತ್ತು, ಅಲ್ಲೇ. ಪ್ರತಿ ಕಚ್ಚಿನಿಂದಲೂ ಸಣ್ಣ ಪ್ರತಿಧ್ವನಿ ಬರುತ್ತೆ. ಅವೆಲ್ಲ ಒಂದಕ್ಕೊಂದು ಸೇರಿ ದೊಡ್ಡದಾಗದಿರಲಿ ಅಂತ ಆ ಅಂತರ.

ನಾನು ಇದನ್ನು ಕಿತ್ತುಹಾಕಿದ್ದೇ ಜಾಸ್ತಿ, ಹಾಕಿದ್ದು ಕಡಿಮೆ.

ತುಂಗಾತೀರ · ಶನಿವಾರ 6.30

ವ್ಯಾಂಪೈರ್ ಯಾಕೆ, ಇಂಬಳ ಅನ್ನಬಹುದಿತ್ತು. ನಮ್ಮ ಮಲೆನಾಡಿನಲ್ಲಿ ಆಷಾಢಕ್ಕೆ ತೋಟಕ್ಕೆ ಹೋದರೆ ಎಲ್ಲರೂ 10ಬೇಸ್5 ಆಗಿ ಬರ್ತೀವಿ.

ದಾವಣಗೆರೆ_ಬೆಣ್ಣೆ · ಶನಿವಾರ ರಾತ್ರಿ 8.50

😂 ಇರಲಿ, ಇದು ಪಾರ್ಕಿನಿಂದ ಹೊರಗೆ ಬಂದದ್ದು ಹೇಗೆ? ಜೆರಾಕ್ಸ್ ಕಂಪನಿ ತಾನೇ ಇಟ್ಟುಕೊಳ್ಳಬಹುದಿತ್ತಲ್ಲ, ಪೇಟೆಂಟ್ ಮಾಡಿಸಲಿಲ್ವಾ?

ಎಂಟು_ಬಿಟ್ · ಶನಿವಾರ 9.35

ಮಾಡಿಸಿದರು. ಅರ್ಜಿ ಹಾಕಿದ್ದು 1975ರ ಮಾರ್ಚಿನಲ್ಲಿ, ಸಿಕ್ಕಿದ್ದು 1977ರ ಡಿಸೆಂಬರಿನಲ್ಲಿ. ಅದರಲ್ಲಿ ನಾಲ್ಕು ಹೆಸರಿವೆ, ಮೆಟ್‌ಕಾಫ್, ಬಾಗ್ಸ್, ಚಕ್ ಥ್ಯಾಕರ್, ಬಟ್ಲರ್ ಲ್ಯಾಂಪ್‌ಸನ್. ನಡುವೆ 1976ರಲ್ಲಿ ಮೆಟ್‌ಕಾಫ್, ಬಾಗ್ಸ್ ಸೇರಿ ಒಂದು ಲೇಖನ ಬರೆದರು. ಒಂದು ಕಿಲೋಮೀಟರ್ ಕೇಬಲ್, ಅದರ ಮೇಲೆ 100 ಮಷೀನ್. ಆಗಿನ ವೇಗ ವಿಚಿತ್ರವಾಗಿತ್ತು, 2.94 ಮೆಗಾಬಿಟ್. ಮೂರೂ ಅಲ್ಲ, ಎರಡೂವರೆಯೂ ಅಲ್ಲ. ಕಾರಣ ಸೀದಾ. ಆಲ್ಟೊದ ಗಡಿಯಾರ 170 ನ್ಯಾನೊಸೆಕೆಂಡಿಗೊಮ್ಮೆ ಬಡಿಯುತ್ತಿತ್ತು. ಎರಡು ಬಡಿತಕ್ಕೆ ಒಂದು ಬಿಟ್ ಅಂದರೆ 340 ನ್ಯಾನೊಸೆಕೆಂಡ್, ಅಷ್ಟೇ. ಬೇರೆ ಗಡಿಯಾರ ಹಾಕೋ ಖರ್ಚು ಉಳೀತು.

1979ರಲ್ಲಿ ಮೆಟ್‌ಕಾಫ್ ಜೆರಾಕ್ಸ್ ಬಿಟ್ಟು 3ಕಾಮ್ ಅನ್ನೋ ತಮ್ಮದೇ ಕಂಪನಿ ಶುರು ಮಾಡಿದರು. ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂರು ಕಂಪನಿಗಳನ್ನೂ ಒಂದೇ ಮೇಜಿಗೆ ಕೂರಿಸೋದರಲ್ಲಿ ಅವರ ಕೈ ದೊಡ್ಡದು. ಮೂವರಿಗೂ ಬೇರೆ ಬೇರೆ ಆಸೆ. ಡಿಜಿಟಲ್‌ಗೆ ಕಂಪ್ಯೂಟರ್ ಮಾರಬೇಕು, ಇಂಟೆಲ್‌ಗೆ ಚಿಪ್ ಮಾರಬೇಕು, ಜೆರಾಕ್ಸ್‌ಗೆ ಪ್ರಿಂಟರ್. 1980ರ ಸೆಪ್ಟೆಂಬರ್ 30ರಂದು ಮೂರೂ ಸೇರಿ ನಿಯಮಾವಳಿ ಪ್ರಕಟಿಸಿದವು. ರಟ್ಟು ನೀಲಿ, ಅದಕ್ಕೆ ಬ್ಲೂ ಬುಕ್ ಅಂತ ಹೆಸರು. ವೇಗ 10 ಮೆಗಾಬಿಟ್. ಪೇಟೆಂಟನ್ನು ಜೆರಾಕ್ಸ್ ಕಡಿಮೆ ಶುಲ್ಕಕ್ಕೆ ಯಾರಿಗೆ ಬೇಕಾದರೂ ಕೊಟ್ಟಿತು. ಆಮೇಲೆ ಮಾನಕ ರೂಪಿಸೋ ಇಂಜಿನಿಯರುಗಳ ಸಂಸ್ಥೆ ಐಟ್ರಿಪಲ್‌ಈ ಇದನ್ನೇ ಸ್ವಲ್ಪ ತಿದ್ದಿ 802.3 ಅನ್ನೋ ಮಾನಕ ಮಾಡಿತು. ಮಜಾ ಏನಂದರೆ ಆ ಸಮಿತಿ ಒಂದೇ ಮಾನಕ ಮಾಡೋಕೆ ಕೂತದ್ದು. ಜಗಳ ಬಗೆಹರಿಯದೆ ಮೂರು ಮಾಡಿ ಎದ್ದಿತು. 802.3, 802.4, ಉಂಗುರದ ಸಾರ್ ಅವರ 802.5.

ನನ್ನ ಪ್ರಕಾರ ಗೆದ್ದದ್ದು ಇಲ್ಲೇ. ಉಡುಪಿ ಹೋಟೆಲಿನ ಹಾಗೆ, ರೆಸಿಪಿ ಎಲ್ಲರ ಕೈಗೂ ಸಿಕ್ಕಿತು. ಯಾರು ಬೇಕಾದರೂ ಕಾರ್ಡ್ ಮಾಡಬಹುದು, ಬೆಲೆ ಇಳಿಯಲೇಬೇಕು. ಎಸ್.ಪಿ. ರೋಡಿನಲ್ಲಿ ಎನ್ಈ2000 ಅನ್ನೋ ಈಥರ್ನೆಟ್ ಕಾರ್ಡಿನ ಹೆಸರೇ ಇಲ್ಲದ ಕಾಪಿ ಸಿಗುತ್ತಿತ್ತು. ಟೋಕನ್ ರಿಂಗ್ ಕಾರ್ಡ್ ಹಾಗೆ ರಾಶಿ ಹಾಕಿ ಮಾರಿದ್ದು ನೋಡಿದ್ದೀರಾ?

ನೀಲಿ ಪುಸ್ತಕದ ಇನ್ನೊಂದು ವಿಷಯ. ಪಾರ್ಕಿನಲ್ಲಿ ಮಷೀನಿನ ವಿಳಾಸ ಬರೀ 8 ಬಿಟ್. ಅಂದರೆ ಒಂದು ಕೇಬಲ್ಲಿಗೆ 256ರ ಒಳಗೆ. ನನ್ನ ಹೆಸರೂ ಅಲ್ಲಿಂದಲೇ ಕದ್ದದ್ದು. 1980ರಲ್ಲಿ ಅದು 48 ಬಿಟ್ ಆಯಿತು. ಜಗತ್ತಿನಲ್ಲಿ ಯಾವ ಎರಡು ಕಾರ್ಡಿಗೂ ಒಂದೇ ವಿಳಾಸ ಬರಬಾರದು, ಫ್ಯಾಕ್ಟರಿಯಲ್ಲೇ ಕೆತ್ತಿಬಿಡಬೇಕು ಅಂತ. ಇದರ ಬಗ್ಗೆ ಬರೆದವರಲ್ಲಿ ಒಬ್ಬರು ಯೋಗೆನ್ ದಲಾಲ್, ಬಾಂಬೆ ಐಐಟಿಯಲ್ಲಿ ಓದಿ ಹೋದವರು. ಇನ್ನೊಬ್ಬರು ರಾಬರ್ಟ್ ಪ್ರಿಂಟಿಸ್. ನಿಮ್ಮ ಫೋನಿನ ಸೆಟ್ಟಿಂಗ್ಸಿನಲ್ಲಿ ಮ್ಯಾಕ್ ಅಡ್ರೆಸ್ ಅಂತ ಎರಡೆರಡು ಅಕ್ಷರದ ಆರು ಜೋಡಿ ಕಾಣುತ್ತಲ್ಲ, ಅದೇ 48 ಬಿಟ್. ವೈಫೈಗೆ ಕೇಬಲ್ಲೇ ಇಲ್ಲ, ಆದರೂ ಕೇಬಲ್ ಕಾಲದ ವಿಳಾಸ.

ಉಂಗುರ_ಪ್ರಿಯ · ಭಾನುವಾರ ಬೆಳಿಗ್ಗೆ 7.20

ಬೆಲೆಯ ವಿಷಯ ಒಪ್ಪಿದೆ. ಆದರೆ ಒಂದು ತರಲೆ ಪ್ರಶ್ನೆ. ಇವತ್ತಿನ ಸ್ವಿಚ್ಚಿನಲ್ಲಿ ಪ್ರತಿ ಮಷೀನಿಗೂ ಅದರದ್ದೇ ತಂತಿ. ಹೋಗೋದೂ ಬರೋದೂ ಒಂದಕ್ಕೊಂದು ಅಡ್ಡ ಬರದೆ ಒಟ್ಟಿಗೆ ನಡೆಯುತ್ತೆ. ಹಂಚಿಕೊಂಡ ಕೇಬಲ್ ಇಲ್ಲ, ಡಿಕ್ಕಿ ಇಲ್ಲ, ಚೀಟಿ ಎತ್ತೋದೂ ಇಲ್ಲ. ಹಾಗಿದ್ದರೆ ಮೆಟ್‌ಕಾಫ್ ಅವರ ಈಥರ್ ಎಲ್ಲಿ ಉಳೀತು? ಸತ್ತವನ ಹೆಸರಲ್ಲಿ ರೇಷನ್ ಎತ್ತಿದ ಹಾಗೆ ಅಲ್ವಾ ಇದು?

ಕ್ರಿಂಪಿಂಗ್_ಟೂಲ್ · ಭಾನುವಾರ 8.45

ರೇಷನ್ 😂 ಆದರೆ ಕೊಂದವರು ಯಾರು ಗೊತ್ತಾ? ನಮ್ಮಂಥ ಮೇಜಿನ ಕೆಳಗೆ ತೂರೋ ಜನ. ಕೋಆಕ್ಸ್ ಸಾಕಾಗಿತ್ತು. ಪಾರ್ಕಿನಿಂದಲೇ ಬಂದ ಸಿನಾಪ್ಟಿಕ್ಸ್ ಕಂಪನಿ 1987ರಲ್ಲಿ ಟೆಲಿಫೋನ್ ಥರದ ತಿರುಚಿದ ಜೋಡಿ ತಂತಿಯಲ್ಲಿ 10 ಮೆಗಾಬಿಟ್ ಓಡಿಸಿತು. ನಡುವೆ ಒಂದು ಹಬ್, ಅಲ್ಲಿಂದ ಪ್ರತಿ ಮಷೀನಿಗೂ ಒಂದೊಂದು ತಂತಿ. 1990ರಲ್ಲಿ ಅದು 10ಬೇಸ್‌ಟಿ ಅಂತ ಮಾನಕವಾಯಿತು. ಒಬ್ಬನ ಕಾಲು ತಗಲಿದರೆ ಅವನ ಮಷೀನ್ ಮಾತ್ರ ಸಾಯುತ್ತೆ. ಆ ನೆಮ್ಮದಿ ನಿಮಗೆ ಹೇಗೆ ಹೇಳಲಿ!

ಅದೇ 1990ರಲ್ಲಿ ಕಲ್ಪನಾ ಅಂತ ಒಂದು ಕಂಪನಿ ಮೊದಲ ಈಥರ್ನೆಟ್ ಸ್ವಿಚ್ ಮಾರಿತು. ಕಟ್ಟಿದವರಲ್ಲಿ ಒಬ್ಬರು ವಿನೋದ್ ಭಾರದ್ವಾಜ್, ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು.

ಎಂಟು_ಬಿಟ್ · ಭಾನುವಾರ 9.30

ಸಾರ್, ನಿಮ್ಮ ತರಲೆ ಪ್ರಶ್ನೆ ಒಳ್ಳೇದೇ. ಉಳಿದದ್ದು ಕಂತೆ. ಯಾರಿಗೆ, ಯಾರಿಂದ, ಒಳಗೇನಿದೆ, ಕೊನೆಗೆ ತಪ್ಪು ಹಿಡಿಯೋ 32 ಬಿಟ್. ಒಳಗಿನ ಸರಕು ಹೆಚ್ಚೆಂದರೆ 1,500 ಬೈಟ್. ಬ್ಲೂ ಬುಕ್ಕಿನ ಕಂತೆಯನ್ನು ಇವತ್ತಿನ ಸ್ವಿಚ್ಚೂ ಓದುತ್ತೆ. ನನಗೆ ಇದು ಮೋಸ ಅನ್ನಿಸಲ್ಲ. ಮನೆ ಕೆಡವಿ ಕಟ್ಟಿದರೂ ಮನೆತನದ ಹೆಸರು ಇಟ್ಟುಕೊಳ್ಳಲ್ವಾ? ನಿಮಗೆ ಅನ್ನಿಸಬಹುದು, ಜಗಳ ಬೇಡ.

ನನ್ನ ಜಗಳ ಬೇರೆ. ಹುಟ್ಟಿದ ದಿನ ಅಂತ ಎಲ್ಲರೂ ಮೇ 22 ಹೇಳ್ತಾರೆ. ಅದು ಟಿಪ್ಪಣಿ ಬರೆದ ದಿನ ಅಷ್ಟೇ. ಬಾಗ್ಸ್ ಹೇಳುತ್ತಿದ್ದದ್ದು 1973ರ ನವೆಂಬರ್ 11, ನಿಜವಾಗಿ ಕೆಲಸ ಮಾಡಿದ ದಿನ. ಬಾಗ್ಸ್ ಹ್ಯಾಮ್ ರೇಡಿಯೊ ಹುಚ್ಚಿನವರು, ಬೆಸುಗೆ ಕಡ್ಡಿ ಕೈಗೆ ಅಂಟಿದ್ದ ಮನುಷ್ಯ. ಮೊದಲ ಬೋರ್ಡುಗಳು ಓಡಿದ್ದು ಅವರ ಕೈಗುಣದಿಂದ. 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಂಪ್ಯೂಟರ್ ಲೋಕದ ನೊಬೆಲ್ ಅನ್ನೋ ಟ್ಯೂರಿಂಗ್ ಪ್ರಶಸ್ತಿ ಆ ವರ್ಷ ಮೆಟ್‌ಕಾಫ್ ಅವರೊಬ್ಬರಿಗೇ ಹೋಯಿತು. ಮೆಟ್‌ಕಾಫ್ ಅರ್ಹರಲ್ಲ ಅಂತಲ್ಲ. ಆದರೂ ನಾನಂತೂ ನವೆಂಬರ್ 11 ಅಂತಲೇ ಹೇಳ್ತೀನಿ.

ದಾವಣಗೆರೆ_ಬೆಣ್ಣೆ · ಭಾನುವಾರ 9.50

ಸರಿ, ನವೆಂಬರ್ 11ಕ್ಕೆ ಬೆಣ್ಣೆ ದೋಸೆ ನನ್ನ ಕಡೆಯಿಂದ. ತುಂಗಾತೀರ ಎಲ್ಲಿ?

ತುಂಗಾತೀರ · ಭಾನುವಾರ ರಾತ್ರಿ 8.15

ಇಲ್ಲೇ ಇದ್ದೀನಿ. ಅಪ್ಪ ಬಂದರು. ಕ್ರಿಂಪಿಂಗ್ ಸಾರ್ ಹೇಳಿದ ಹಾಗೆ ಮಲ್ಟಿಮೀಟರ್ ಹಿಡಿದೆ, ಪಿನ್ನಿಗೊಂದು, ಮೈಗೊಂದು. 49.8 ತೋರಿಸಿತು! ಅಪ್ಪ ಕನ್ನಡಕ ಹಾಕಿಕೊಂಡು ಮೀಟರನ್ನೇ ನೋಡುತ್ತಾ ಕೂತರು.

ಅವರ ಆಫೀಸಿನಲ್ಲಿ ಹನ್ನೊಂದು ಮಷೀನು ಇದ್ದವಂತೆ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸೋ ಹೊತ್ತಿಗೇ ನೆಟ್‌ವರ್ಕ್ ಬೀಳೋದಂತೆ. ರಿಪೇರಿಯವರು ಬರೋಕೆ ಎರಡು ದಿನ. ಅದಕ್ಕೆ ಅವರೇ ಒಂದು ಟಿ, ಒಂದು ಟರ್ಮಿನೇಟರ್ ಕೊಂಡು, ಮಾರ್ಚ್ ತಿಂಗಳಿಡೀ ಶರ್ಟಿನ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಜೇಬು ತೂತಾಗಿ ಅಮ್ಮ ಬೈದದ್ದು ಈಗ ಅಮ್ಮನಿಗೆ ನೆನಪಾಯಿತು. ಮತ್ತೆ ಬೈದರು.

ಕ್ರಿಂಪಿಂಗ್_ಟೂಲ್ · ಭಾನುವಾರ 8.30

ಅಪ್ಪನಿಗೆ ನಮಸ್ಕಾರ ಹೇಳಿ. ಕೇಬಲ್ಲಿಗೆ ಎರಡು ತುದಿ ಅಲ್ವಾ, ಒಂದೇ ಯಾಕೆ ಕೊಂಡರು ಅಂತ ಕೇಳಿ ನೋಡಿ.

ತುಂಗಾತೀರ · ಭಾನುವಾರ 8.41

ಕೇಳಿದೆ. "ಇನ್ನೊಂದು ತುದಿ ಮ್ಯಾನೇಜರ್ ರೂಮಲ್ಲಿತ್ತು, ಅಲ್ಲಿಗೆ ಯಾರೂ ಕಾಲು ಹಾಕ್ತಿರಲಿಲ್ಲ" ಅಂದರು. ಡಬ್ಬಿ ವಾಪಸ್ ತಗೊಂಡು ಅವರೇ ಅಟ್ಟಕ್ಕೆ ಇಟ್ಟರು.